ಇಡೀ ಕೇರಿಗೆ ಪೂರ್ಣ ಅಂಕ

ಮುಟ್ಟಳ್ಳಿಯ ಪ್ರತಿ ಮನೆಯಲ್ಲೂ ನಮ್ಮ ಕೆಲಸ ಮುಷ್ಟಿಯಿಂದ ಶುರುವಾಗುತ್ತಿತ್ತು. ಹಿಡಿಕೆಯಿರುವ ಒಂದು ಸಣ್ಣ ಯಂತ್ರ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಮೊಣಕೈ ಮಡಚಿ, ಅದನ್ನು ಆದಷ್ಟು ಬಲವಾಗಿ ಹಿಂಡಬೇಕು. ಎಷ್ಟು ಬಲ ಬಿತ್ತೆಂದು ಮುಳ್ಳು ತೋರಿಸುತ್ತದೆ. ಅರವತ್ತು ದಾಟಿದವರ ಕೈಹಿಡಿತ ವರ್ಷದಿಂದ ವರ್ಷಕ್ಕೆ ಎಷ್ಟು ಸಡಿಲವಾಗುತ್ತದೆ ಎನ್ನುವುದು ಸ್ನಾಯುವಿನ ಬಗ್ಗೆ ಮಾತ್ರವಲ್ಲ, ಒಟ್ಟು ದೇಹದ ಬಗ್ಗೆಯೂ ಏನನ್ನೋ ಹೇಳುತ್ತದೆ. ಅದಾದ ಮೇಲೆ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಸುತ್ತಿದ್ದೆವು. ಕೈಯೂರದೆ ಕುರ್ಚಿಯಿಂದ ಏಳಲು ಹೇಳುತ್ತಿದ್ದೆವು. ರಕ್ತ ತೆಗೆಯುತ್ತಿದ್ದೆವು. ಕೊನೆಗೆ ನೆನಪಿನ ಪರೀಕ್ಷೆ.

ನಾವೆಂದರೆ ಇಬ್ಬರು, ಹಾವೇರಿ ಕಡೆಯಿಂದ ಬಂದ ನನ್ನ ಸಹೋದ್ಯೋಗಿ ಮತ್ತು ನಾನು. ದೂರದ ಊರಿನ ಒಂದು ಸಂಶೋಧನಾ ಸಂಸ್ಥೆಯ ಯೋಜನೆ ಅದು. ಧಾರವಾಡದಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಕುಮಟೆಯ ಮನೆಗೆ ಮರಳಿದ್ದ ನನಗೆ ಅದು ಮೊದಲ ನೌಕರಿ. ಬೆಳಗಿನ ರೈಲಿಗೆ ಹೊರಟು ಭಟ್ಕಳದಲ್ಲಿ ಇಳಿದರೆ ಯೋಜನೆಯ ಜೀಪು ಕಾಯುತ್ತಿರುತ್ತಿತ್ತು. ರಕ್ತದ ಕೊಳವೆಗಳನ್ನು ತಣ್ಣಗಿಡಲು ಸಂಸ್ಥೆಯವರು ಕೊಟ್ಟಿದ್ದ ಜೆಲ್ ಪೊಟ್ಟಣಗಳು ನಮ್ಮ ಸೆಕೆಗೆ ಮಧ್ಯಾಹ್ನದೊಳಗೆ ಬೆಚ್ಚಗಾಗುತ್ತಿದ್ದವು. ಆಮೇಲೆ ನಾವು ಬಂದರಿನ ಐಸ್ ಫ್ಯಾಕ್ಟರಿಯಿಂದ ಮೀನಿಗೆ ಹಾಕುವ ಐಸನ್ನೇ ಪುಡಿ ಮಾಡಿಸಿ ತರತೊಡಗಿದೆವು. ಅತ್ತ ಪ್ರಯೋಗಾಲಯದಲ್ಲಿ ಪೆಟ್ಟಿಗೆ ತೆರೆದವರು, ನಿಮ್ಮ ಊರಿನ ರಕ್ತ ಬಂಗುಡೆ ವಾಸನೆ ಹೊಡೆಯುತ್ತದೆ ಎಂದು ಫೋನು ಮಾಡಿದ್ದರು.

ಒಂದೇ ವರ್ಷ ಹುಟ್ಟಿದ ಇಬ್ಬರಲ್ಲಿ ಒಬ್ಬರು ಬಾವಿಯಿಂದ ಕೊಡ ಹೊತ್ತು ತರುತ್ತಾರೆ, ಇನ್ನೊಬ್ಬರು ಹೊಸ್ತಿಲು ದಾಟಲು ಗೋಡೆ ಹಿಡಿಯುತ್ತಾರೆ. ಯಾಕೆ ಹೀಗೆ? ನಮ್ಮ ಯೋಜನೆಯ ಪ್ರಶ್ನೆಯನ್ನು ಸರಳವಾಗಿ ಹೇಳಬೇಕೆಂದರೆ ಇಷ್ಟೇ. ಹುಟ್ಟಿದ ವರ್ಷದಿಂದ ಲೆಕ್ಕ ಹಾಕುವ ವಯಸ್ಸು ಒಂದು, ದೇಹಕ್ಕೆ ಆದ ವಯಸ್ಸು ಇನ್ನೊಂದು. ಎರಡನೆಯದರ ಗುರುತುಗಳನ್ನು ರಕ್ತದಲ್ಲಿ ಹುಡುಕುತ್ತಾರೆ. ವರ್ಣತಂತುವಿನ ಮೇಲೆ ಕಾಲಕ್ರಮದಲ್ಲಿ ಕೂರುವ, ಕಳಚುವ ರಾಸಾಯನಿಕ ಗುರುತುಗಳು. ಎಲ್ಲೂ ಗಾಯವಿಲ್ಲದಿದ್ದರೂ ಮೈಯೊಳಗೆ ಸಣ್ಣಗೆ ಉರಿಯುತ್ತಲೇ ಇರುವ ಉರಿಯೂತ. ಜನರಿಗೆ ಇದನ್ನು ಹೇಗೆ ವಿವರಿಸುವುದೆಂದು ನಾನು ಬಹಳ ಯೋಚಿಸಿದ್ದೆ. ಒಪ್ಪಿಗೆ ಕೇಳುವ ಮುಂಚೆ ವಿವರಿಸಲೇಬೇಕಾಗಿತ್ತು.

ಒಂದು ಮಧ್ಯಾಹ್ನ ಮುಟ್ಟಳ್ಳಿಯ ಒಂದು ಜಗಲಿಯಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸರಿಗೆ ಹೀಗೆ ಹೇಳಿದೆ: “ಕೆಲವು ಜೀವಕೋಶಗಳು ಮುದಿಯಾದ ಮೇಲೆ ತಮ್ಮ ಕೆಲಸ ನಿಲ್ಲಿಸ್ತವೆ, ಆದರೆ ಸಾಯುದಿಲ್ಲ. ಸುಮ್ಮನೆಯೂ ಇರುದಿಲ್ಲ. ಅಕ್ಕಪಕ್ಕದ ಕೋಶಗಳಿಗೆ ಉರಿ ಹತ್ತಿಸ್ತಾ ಕೂತಿರ್ತವೆ. ಸಣ್ಣ ಪ್ರಾಯದಲ್ಲಿ ದೇಹ ಅವನ್ನ ಗುಡಿಸಿ ಹಾಕ್ತದೆ. ವಯಸ್ಸಾದ ಹಾಗೆ ಆ ಗುಡಿಸುದು ನಿಧಾನ ಆಗ್ತದೆ.”

ಆ ಜಗಲಿಯ ಒಡತಿ, ಎಲ್ಲರೂ ಆಚೆಮನೆ ಅಕ್ಕ ಎನ್ನುವವಳು, ಕೈಯಲ್ಲಿದ್ದ ಬಾಳೆನಾರನ್ನು ಹಲ್ಲಲ್ಲಿ ಕಚ್ಚಿ, “ಹಂಗಾದ್ರೆ ನಮ್ಮನೆ ಯಜಮಾನ್ರ ಹಂಗೆ,” ಎಂದಳು. “ಕೆಲಸ ಬಿಟ್ಟು ಎಷ್ಟೋ ಕಾಲ ಆತು. ಕುರ್ಚಿ ಮೇಲೆ ಕೂತ್ಕಂಡು ಎಲ್ಲರಿಗೂ ಉರಿ ಹತ್ಸುದೊಂದೇ.”

ಒಳಗಿನಿಂದ ಯಜಮಾನರ ಕೆಮ್ಮು ಕೇಳಿಸಿತು. ಹೆಂಗಸರೆಲ್ಲ ಹೂವು ಕಟ್ಟುವುದನ್ನು ಬಿಟ್ಟು ನಕ್ಕರು. ನಾನು ತಯಾರಿಸಿಟ್ಟುಕೊಂಡಿದ್ದ ಯಾವ ವಿವರಣೆಯೂ ಅಷ್ಟು ಚೆನ್ನಾಗಿ ಆ ಕೇರಿಗೆ ಮುಟ್ಟಿರಲಿಕ್ಕಿಲ್ಲ.

ಅಕ್ಕನ ಜಗಲಿ ಆ ಕೇರಿಯ ಮಲ್ಲಿಗೆ ಕಟ್ಟುವ ಜಾಗ. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಎಲ್ಲರೂ ಬುಟ್ಟಿಯಲ್ಲಿ ತಂದು ಅಲ್ಲಿ ಕೂರುತ್ತಾರೆ. ಅರಳುವುದರೊಳಗೆ ಕಟ್ಟಿ ಮುಗಿಸಿ, ಭಟ್ಕಳ ಪೇಟೆಯಿಂದ ಬೈಕಿನಲ್ಲಿ ಬರುವ ವ್ಯಾಪಾರಿಗೆ ಕೊಡಬೇಕು. ಆ ಹೆಂಗಸರಲ್ಲಿ ನನ್ನ ದೊಡ್ಡಮ್ಮನೂ ಒಬ್ಬಳು. ಅಮ್ಮನ ಅಕ್ಕ. ಅವಳ ಮನೆಗೂ ಆಚೆಮನೆ ಅಕ್ಕನ ಮನೆಗೂ ಒಂದೇ ಬೇಲಿ. ಮಗ ಮೀನಿನ ಲಾರಿ ಓಡಿಸುತ್ತಾನೆ; ಗೋವೆ, ಕೇರಳ ಎಂದು ವಾರದ ಹೆಚ್ಚು ದಿನ ರಸ್ತೆಯ ಮೇಲೆ. ಸೊಸೆ, ಅಂದರೆ ನನ್ನ ಅತ್ತಿಗೆ, ಹೊನ್ನಾವರದ ಒಂದು ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಬಸ್ಸಿಗೆ ಹೋದರೆ ಸಂಜೆ ಕತ್ತಲಾಗುವ ಹೊತ್ತಿಗೆ ಬರುತ್ತಾಳೆ. ಅವರ ಮಗಳು, ಆಗಿನ್ನೂ ಅಂಗನವಾಡಿಗೆ ಹೋಗುತ್ತಿದ್ದ ಪುಟ್ಟಿ, ಇಡೀ ಹಗಲು ದೊಡ್ಡಮ್ಮನ ಕೈಯಲ್ಲಿ. ಊಟ, ಸ್ನಾನ, ನಿದ್ದೆ, ಅಂಗನವಾಡಿಗೆ ಬಿಡುವುದು, ಮಧ್ಯಾಹ್ನ ಕರೆತರುವುದು ಎಲ್ಲ ಅವಳದೇ. ಗಂಡ ತೀರಿಕೊಂಡ ಮೇಲೆ ಮಂಕಾಗಿದ್ದ ದೊಡ್ಡಮ್ಮ ಆ ಮಗು ಹುಟ್ಟಿದ ಮೇಲೆಯೇ ಮತ್ತೆ ಗಟ್ಟಿ ದನಿಯಲ್ಲಿ ಮಾತಾಡತೊಡಗಿದ್ದು.

ಸಂಬಂಧಿಕರನ್ನು ನಾವೇ ಪರೀಕ್ಷಿಸಬಾರದೆಂಬ ನಿಯಮವಿತ್ತು. ಹಾಗಾಗಿ ದೊಡ್ಡಮ್ಮನ ಸರದಿ ಬಂದಾಗ ನನ್ನ ಸಹೋದ್ಯೋಗಿ ಒಳಗೆ ಹೋದಳು, ನಾನು ಮಗುವಿನ ಜೊತೆ ಅಂಗಳದಲ್ಲಿ ಉಳಿದೆ. ನೆನಪಿನ ಪರೀಕ್ಷೆಯಲ್ಲಿ ಐದು ಪದ ಹೇಳುತ್ತೇವೆ. ಬೇರೇನೋ ಲೆಕ್ಕ, ಚಿತ್ರ ಮಾಡಿಸಿ, ಸ್ವಲ್ಪ ಹೊತ್ತಿನ ಮೇಲೆ ಆ ಐದನ್ನು ತಿರುಗಿ ಕೇಳುತ್ತೇವೆ. ಏಣಿ, ಹಲಸು, ಗಂಟೆ, ಸಮುದ್ರ, ಹಳದಿ. ಹೊರಗೆ ಬಂದ ಸಹೋದ್ಯೋಗಿ, “ನಿಮ್ಮ ದೊಡ್ಡಮ್ಮಗ ನನಗಿಂತ ಛಲೋ ನೆನಪೈತಿ ನೋಡ್ರಿ. ಐದೂ ಹಂಗ ಪಟಪಟ ಹೇಳಿಬಿಟ್ರು,” ಎಂದಳು. ನನಗೆ ಹಗುರವಾಯಿತು.

ಹಗುರವಾಗಲು ಕಾರಣವಿತ್ತು. ಅದಕ್ಕೆ ಕೆಲವು ದಿನ ಮೊದಲು ಮಧ್ಯಾಹ್ನದ ಊಟಕ್ಕೆಂದು ಅವಳ ಮನೆಗೆ ಹೋದಾಗ, ದೊಡ್ಡಮ್ಮ ಗಡಿಬಿಡಿಯಿಂದ ಚಪ್ಪಲಿ ಮೆಟ್ಟುತ್ತಿದ್ದಳು. ಎಲ್ಲಿಗೆಂದು ಕೇಳಿದೆ. “ಪುಟ್ಟಿನ್ನ ಕರ್ಕಂಡ್ ಬರುಕೆ. ಹೊತ್ತಾತು,” ಎಂದಳು. ಪುಟ್ಟಿ ಅವಳ ಹಿಂದೆಯೇ ಜಗಲಿಯಲ್ಲಿ ಕೂತು ಅನ್ನ ತಿನ್ನುತ್ತಿದ್ದಳು. ದೊಡ್ಡಮ್ಮನೇ ಕರೆತಂದು, ಕೈಕಾಲು ತೊಳೆಸಿ, ತಟ್ಟೆ ಹಾಕಿ ಕೊಟ್ಟಿದ್ದಳು. ನಾನು ಮಗುವಿನ ಕಡೆ ನೋಡಿದೆ. ದೊಡ್ಡಮ್ಮನೂ ತಿರುಗಿ ನೋಡಿದಳು. ಒಂದು ಕ್ಷಣ ಅವಳ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ, “ಟೀಚರ ಹತ್ರ ಮೊಟ್ಟೆ ವಿಷಯ ಕೇಳುದಿತ್ತು, ಅದ್ಕೆ ಹೊರಟಿದ್ದೆ,” ಎಂದು ಚಪ್ಪಲಿ ಕಳಚಿದಳು. ನಾನು ಹೌದೆಂದು ತಲೆಯಾಡಿಸಿದೆ. ಹೀಗಾಗಿ ಆ ಐದು ಪದಗಳನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ನಂಬಿದೆ.

ನಂಬಿಕೆ ಹೆಚ್ಚು ದಿನ ಉಳಿಯಲಿಲ್ಲ. ಯೋಜನೆಯ ಮುಖ್ಯಸ್ಥೆಯಾಗಿದ್ದ ಮೇಡಮ್ ಫೋನು ಮಾಡಿದರು. ಹಿಡಿತದಲ್ಲಿ, ನಡಿಗೆಯಲ್ಲಿ ಮುಟ್ಟಳ್ಳಿಯ ಆ ಕೇರಿ ಉಳಿದ ಹಳ್ಳಿಗಳ ಹಾಗೆಯೇ ಇದೆ, ಆದರೆ ನೆನಪಿನಲ್ಲಿ ಮಾತ್ರ ಎಲ್ಲರಿಗೂ ಪೂರ್ಣ ಅಂಕ ಹೇಗೆ ಎಂದು ಕೇಳಿದರು. “ಅಲ್ಲಿ ಯಾರೂ ಏನೂ ಮರೆಯುವುದೇ ಇಲ್ಲವಾ?” ಅವರ ದನಿಯಲ್ಲಿ ಸಂಶಯಕ್ಕಿಂತ ಕುತೂಹಲ ಹೆಚ್ಚಿತ್ತು.

ಉತ್ತರ ಅಕ್ಕನ ಜಗಲಿಯಲ್ಲಿ ಸಿಕ್ಕಿತು. ಹುಡುಕಬೇಕಾಗಿಯೂ ಇರಲಿಲ್ಲ. ನಾನು ಮೆಟ್ಟಿಲು ಹತ್ತುವಾಗ, ಇನ್ನೂ ಪರೀಕ್ಷೆಯಾಗದಿದ್ದ ಒಬ್ಬ ಅಜ್ಜಿಗೆ ಅಕ್ಕ ಪಾಠ ಹೇಳುತ್ತಿದ್ದಳು.

“ಏಣಿ. ಏಣಿ ಹತ್ತಿ ಹಲಸು ಕೊಯ್ದೆ. ಆಮೇಲೆ ಎಂತ?”

“ಹಲಸು ತಿಂದೆ,” ಎಂದಳು ಅಜ್ಜಿ.

“ತಿನ್ನುದು ಆಮೇಲೆ ಮಾರಾಯ್ತಿ. ಗಂಟೆ! ಗಂಟೆ ಹೊಡೀತು.”

“ಹಲಸಿನ ಮರದಲ್ಲಿ ಗಂಟೆ ಎಂತಕ್ಕೆ ಹೊಡೀತದೆ?”

“ನಂಗೊತ್ತಿಲ್ಲ, ಇವಳನ್ನ ಕೇಳು,” ಎಂದು ಅಕ್ಕ ನನ್ನತ್ತ ಗಲ್ಲ ಎತ್ತಿ ತೋರಿಸಿದಳು. ಬಚ್ಚಿಡುವ ಯೋಚನೆ ಯಾರಿಗೂ ಇದ್ದಂತಿರಲಿಲ್ಲ. ಮೊದಲು ಪರೀಕ್ಷೆಯಾದವಳು ಪದಗಳನ್ನು ಹೊತ್ತು ತಂದಿದ್ದಳು. ಮೊಗ್ಗಿನ ಜೊತೆ ಅವೂ ಜಗಲಿಯ ತುಂಬ ಹರಡಿದ್ದವು. ದೊಡ್ಡಮ್ಮ ಮೂಲೆಯಲ್ಲಿ ಕೂತು, ತಲೆ ಬಗ್ಗಿಸಿ, ಬೇಗ ಬೇಗ ಹೂವು ಕಟ್ಟುತ್ತಿದ್ದಳು.

ಆ ಕೇರಿಯ ನೆನಪಿನ ಅಂಕಗಳನ್ನು ಕೈಬಿಡಬೇಕಾಯಿತು. ಮುಂದಿನ ವರ್ಷ ಎರಡನೇ ಸುತ್ತಿನ ಪರೀಕ್ಷೆಗೆ ಬಂದಾಗ ಬೇರೆ ಪದಗಳನ್ನು ಕೊಡುವುದು, ಅದೂ ಒಬ್ಬೊಬ್ಬರಿಗೆ ಒಂದೊಂದು ಬಗೆಯದು, ಈ ಬದಲಾವಣೆಯನ್ನು ಊರಲ್ಲಿ ಯಾರಿಗೂ ಹೇಳಬಾರದು ಎಂದು ಮೇಡಮ್ ತೀರ್ಮಾನಿಸಿದರು. ಅದು ಸರಿಯೇ. ನನ್ನ ಸಹೋದ್ಯೋಗಿ ಎಷ್ಟೋ ದಿನ ನಗುತ್ತಲೇ ಇದ್ದಳು. ಎಸ್ಸೆಲ್ಸಿ ಪೇಪರು ಲೀಕಾದದ್ದು ಕೇಳಿದ್ದೆ, ಮುದುಕರ ಪೇಪರು ಲೀಕಾದದ್ದು ಇಲ್ಲೇ ನೋಡಿದೆ ಎನ್ನುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಅಮ್ಮ ಕೊಟ್ಟ ಹಪ್ಪಳ ತೆಗೆದುಕೊಂಡು ದೊಡ್ಡಮ್ಮನಲ್ಲಿಗೆ ಹೋಗಿದ್ದೆ. ಪುಟ್ಟಿ ಅಂಗಳದಲ್ಲಿ ಇದ್ದಿಲಿನಿಂದ ಚೌಕ ಎಳೆದುಕೊಂಡು ಕುಂಟೆಬಿಲ್ಲೆ ಆಡುತ್ತಿದ್ದಳು. ಒಂದೊಂದು ಮನೆಗೆ ಹಾರುವಾಗಲೂ ಒಂದೊಂದು ಪದ: ಏಣಿ, ಹಲಸು, ಗಂಟೆ, ಸಮುದ್ರ. ಹಳದಿಗೆ ಎರಡೂ ಕಾಲೂರಿ ನಿಂತಳು.

“ಅದು ಯಾರು ಹೇಳಿಕೊಟ್ಟಿದ್ದು ಪುಟ್ಟಿ?”

“ಅಜ್ಜಿ. ಅಜ್ಜಿ ದಿನಾ ಹೇಳ್ತದೆ. ಮೀಯುವಾಗ ಹೇಳ್ತದೆ, ಹೂ ಕೊಯ್ಯುವಾಗ ಹೇಳ್ತದೆ. ನಾನು ತಪ್ಪುದಿಲ್ಲ. ಅಜ್ಜಿ ಒಂದೊಂದ್ಸಲ ಗಂಟೆ ಮರೀತದೆ. ನಾನು ಹೇಳಿಕೊಡ್ತೆ.”

ಹಪ್ಪಳದ ಡಬ್ಬಿ ಹಿಡಿದುಕೊಂಡು ನಾನು ಅಲ್ಲೇ ನಿಂತೆ. ಉಳಿದ ಹೆಂಗಸರು ಪರೀಕ್ಷೆ ಮುಗಿದ ವಾರವೇ ಆ ಪದಗಳನ್ನು ಬಿಟ್ಟಿದ್ದರು. ಅವರಿಗೆ ಅದೊಂದು ತಮಾಷೆ. ಮುಂದಿನ ವರ್ಷ ಮತ್ತೆ ಬರುತ್ತೇವೆ ಎಂದು ನಾವು ಹೇಳಿದ್ದ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು, ಇಷ್ಟು ತಿಂಗಳು ಅಭ್ಯಾಸ ಮಾಡುತ್ತಿದ್ದವಳು ದೊಡ್ಡಮ್ಮ ಒಬ್ಬಳೇ. ಯಾವುದಕ್ಕೆ ಹೆದರಿ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ಭಯ ನನ್ನೆದುರು ಒಂಟಿಕಾಲಲ್ಲಿ ಹಾರುತ್ತಿತ್ತು.

ಈ ಸಲ ಬರುವ ಪದಗಳು ಬೇರೆಯೆಂದು ನನಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ದೊಡ್ಡಮ್ಮ ಬೇರೆ ಏನಾದರೂ ಉಪಾಯ ಹುಡುಕುತ್ತಿದ್ದಳು. ಹಾಗೆ ಹೇಳುವುದು ಕೆಲಸಕ್ಕೆ ದ್ರೋಹ ಎನ್ನುವುದು ಒಂದು ಮಾತಾಯಿತು. ಅದಕ್ಕಿಂತ ಹೆಚ್ಚಾಗಿ, ಹಾಗೆ ಬಚಾವಾದರೆ ಅವಳು ಯಾವುದರಿಂದ ಬಚಾವಾದಂತೆ? ಮರೆವೆಂದರೆ ಒಂದೇ ಕಾಯಿಲೆಯಲ್ಲ. ಬಿ12 ಕಡಿಮೆಯಾದರೆ ಮರೆವು ಬರುತ್ತದೆ. ಥೈರಾಯ್ಡ್ ಏರುಪೇರಾದರೆ, ಸಕ್ಕರೆ ಕಾಯಿಲೆಯಿದ್ದರೆ, ನಿದ್ದೆಗೆಟ್ಟರೆ, ದುಃಖವನ್ನು ಒಳಗೇ ಇಟ್ಟುಕೊಂಡರೂ ಬರುತ್ತದೆ. ಇವುಗಳಿಗೆ ದಾರಿಯಿದೆ. ಮಿದುಳಿನಲ್ಲಿ ಬೇಡದ ಪ್ರೋಟೀನು ನಿಧಾನವಾಗಿ ಕಟ್ಟಿಕೊಳ್ಳುವ ಬಗೆಯದಾದರೆ ದಾರಿ ಕಿರಿದು, ಆದರೂ ಬೇಗ ತಿಳಿಯುವುದರಲ್ಲಿ ಅರ್ಥವಿದೆ. ಯಾವುದೆಂದು ತಿಳಿಯಬೇಕಾದರೆ ವೈದ್ಯರ ಹತ್ತಿರ ಹೋಗಬೇಕು. ಅಲ್ಲಿಗೆ ಹೋಗಬೇಕಾಗಿ ಬರಬಾರದೆಂದೇ ದೊಡ್ಡಮ್ಮ ಆ ಪದಗಳನ್ನು ಬಾಯಿಪಾಠ ಮಾಡುತ್ತಿದ್ದಳು. ನಾನು ಹಪ್ಪಳ ಕೊಟ್ಟು, ಚಹಾ ಕುಡಿದು, ಏನೂ ಹೇಳದೆ ಸಂಜೆಯ ರೈಲು ಹಿಡಿದೆ.

ಎರಡನೇ ಸುತ್ತಿನ ದಿನ ದೊಡ್ಡಮ್ಮ ಬೇಗನೆ ಮಿಂದು, ಒಳ್ಳೆಯ ಸೀರೆಯುಟ್ಟು, ತಲೆಗೆ ಎಣ್ಣೆ ಹಾಕಿ ತಯಾರಾಗಿದ್ದಳು. ಹಿಡಿತದ ಯಂತ್ರವನ್ನು ಹಿಂಡುವಾಗ ನನ್ನ ಸಹೋದ್ಯೋಗಿ, “ಯಂತ್ರ ಮುರದೀರಿ ಅಮ್ಮಾ,” ಎಂದಳು. ದೊಡ್ಡಮ್ಮ ನಕ್ಕಳು. ನಡೆದಳು, ಎದ್ದಳು, ಕೂತಳು, ಎಲ್ಲದರಲ್ಲೂ ಹೋದ ವರ್ಷಕ್ಕಿಂತ ಚುರುಕು. ನಾನು ಹೊರಗೆ, ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ, ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಒಳಗಿನ ಮಾತೆಲ್ಲ ಕೇಳುತ್ತಿತ್ತು.

“ಅಮ್ಮಾ, ಈಗ ಐದು ಪದ ಹೇಳ್ತೀನ್ರಿ, ಲಕ್ಷ್ಯ ಕೊಟ್ಟು ಕೇಳ್ರಿ. ಬಾಗಿಲು, ನವಿಲು, ಬೆಲ್ಲ, ಹೊಳೆ, ಬಿಳಿ.”

ದೊಡ್ಡಮ್ಮ ತಿರುಗಿ ಹೇಳಿದಳು. ಸರಿಯಾಗಿಯೇ ಹೇಳಿದಳು. ಆಮೇಲೆ ಸಹೋದ್ಯೋಗಿ ಲೆಕ್ಕ ಮಾಡಿಸಿದಳು, ಚಿತ್ರ ಬರೆಸಿದಳು. ನಾನು ಮಗುವನ್ನು ಎಷ್ಟು ಬಿಗಿಯಾಗಿ ಅಪ್ಪಿಕೊಂಡಿದ್ದೆ ಎಂದು ಆಗ ತಿಳಿಯಲಿಲ್ಲ. ಪುಟ್ಟಿ, “ಬಿಗಿ ಹಿಡೀಬೇಡ,” ಎಂದಾಗ ತಿಳಿಯಿತು.

“ಆಗ ಐದು ಪದ ಹೇಳಿದ್ನಲ್ರಿ ಅಮ್ಮಾ, ಯಾವ್ಯಾವು?”

“ಏಣಿ, ಹಲಸು, ಗಂಟೆ, ಸಮುದ್ರ, ಹಳದಿ.” ಎಲ್ಲೂ ತಡವರಿಸದೆ, ಒಂದೇ ಉಸಿರಿನಲ್ಲಿ.

“ಸರಿ ಆತು ಅಜ್ಜಿ!” ಎಂದು ಪುಟ್ಟಿ ನನ್ನ ತೊಡೆಯ ಮೇಲಿಂದ ಕೂಗಿ ಚಪ್ಪಾಳೆ ತಟ್ಟಿದಳು.

ಒಳಗೆ ಹಾಳೆ ಮಗುಚಿದ ಸದ್ದಾಯಿತು. ಆಮೇಲೆ ನನ್ನ ಸಹೋದ್ಯೋಗಿಯ ದನಿ, ಎಂದಿಗಿಂತ ಮೆತ್ತಗೆ: “ಆತ್ರಿ ಅಮ್ಮಾ. ಭಾಳ ಛಲೋ.”

ಒಂದು ವರ್ಷದ ಹಿಂದಿನ ಐದು ಪದ ಅಚ್ಚಳಿಯದೆ ಇವೆ, ಕೆಲವು ನಿಮಿಷದ ಹಿಂದಿನ ಐದು ಪೂರ್ತಿ ಇಲ್ಲ. ತರಗತಿಯಲ್ಲಿ ಇದನ್ನು ಓದಿದ್ದೆ. ಹೊಸದನ್ನು ಹಿಡಿದಿಡುವ ಭಾಗ ಬೇರೆ, ದಿನವೂ ತಿದ್ದಿ ತಿದ್ದಿ ಆಳಕ್ಕಿಳಿದದ್ದು ಉಳಿಯುವ ಜಾಗ ಬೇರೆ. ಪುಸ್ತಕದಲ್ಲಿ ಅದಕ್ಕೊಂದು ಬಾಣದ ಗುರುತಿನ ಚಿತ್ರವಿತ್ತು. ಪರೀಕ್ಷೆಗೆ ಅದನ್ನು ಚೆನ್ನಾಗಿ ಬರೆದಿದ್ದೆ ಕೂಡ.

ಸಹೋದ್ಯೋಗಿ ನಿಯಮದ ಪ್ರಕಾರ ದೊಡ್ಡಮ್ಮನಿಗೆ ಒಬ್ಬ ವೈದ್ಯರನ್ನು ನೋಡಲು ಹೇಳಿದಳು. ಮನೆಯವರಿಗೆ ತಿಳಿಸಲೇ ಎಂದು ಕೇಳಿದಳು. ದೊಡ್ಡಮ್ಮ ಬೇಡವೆಂದಳು. ಬೇಡವೆಂದ ಮೇಲೆ ತಿಳಿಸುವ ಅಧಿಕಾರ ನಮಗಿಲ್ಲ. ಜೀಪು ಮುಂದಿನ ಮನೆಗೆ ಹೋಯಿತು. ನಾನು ಹಿತ್ತಲಿಗೆ ಹೋದೆ. ದೊಡ್ಡಮ್ಮ ಒಳ್ಳೆಯ ಸೀರೆಯಲ್ಲೇ ಬಾವಿಕಟ್ಟೆಯ ಮೇಲೆ ಕೂತಿದ್ದಳು.

“ಪದ ಬದಲಾಗಿತ್ತಾ?”

“ಹೌದು.”

“ನಿಂಗೆ ಗೊತ್ತಿತ್ತು.”

“ಗೊತ್ತಿತ್ತು ದೊಡ್ಡಮ್ಮ. ಹೇಳುವ ಹಾಗಿರಲಿಲ್ಲ.”

“ಹ್ಞೂಂ. ನೀ ಸಣ್ಣದಿರುವಾಗ್ಲೂ ಹೀಂಗೇ. ಬಾಯಿ ಬಿಡ್ಸುಕೆ ಆಗ್ತಿರ್ಲಿಲ್ಲ.” ಅವಳು ಬಾವಿ ಹಗ್ಗದ ಎಳೆಯೊಂದನ್ನು ಬಿಡಿಸುತ್ತಿದ್ದಳು. “ನಿನ್ ಅತ್ತಿಗೆ ಹತ್ರ ಹೇಳ್ತ್ಯಾ?”

“ನಾನು ಹೇಳುದಿಲ್ಲ. ಆದರೆ ನೀನು ಹೇಳಬೇಕು. ಡಾಕ್ಟರ ಹತ್ರ ಹೋಗಬೇಕು. ಎಷ್ಟೋ ಮರೆವು ಇಂಜೆಕ್ಷನ್, ಮಾತ್ರೆಗೆ ಸರಿ ಹೋಗ್ತದೆ.”

“ಸರಿ ಹೋಗದೇ ಇದ್ದದ್ದೂ ಇರ್ತದೆ ಅಲ್ದಾ?”

“ಇರ್ತದೆ.”

ಸುಳ್ಳು ಹೇಳದೇ ಇದ್ದುದಕ್ಕೋ ಏನೋ, ಅವಳು ಮೊದಲ ಸಲ ನನ್ನ ಮುಖ ನೋಡಿದಳು. “ಮರೆತು ಹೋಗುದು ದೊಡ್ಡದಲ್ಲ ತಂಗಿ. ಉಪ್ಪು ಹಾಕುದು ಮರೀತೆ, ಮತ್ತೆ ಹಾಕ್ತೆ. ನಾಳೆ ಅಂಗನವಾಡಿ ಟೀಚರು ಮಗೂನ್ನ ನನ್ನ ಕೈಲಿ ಕೊಡುಕೆ ಹಿಂದೆಮುಂದೆ ನೋಡಿದ್ರೆ? ನನ್ನ ಮೊಮ್ಮಗಳನ್ನ ನನ್ನ ಕೈಲಿ? ಅದಕ್ಕಿಂತ ನಂಗೆ ಎಲ್ಲ ಮರೆತೇ ಹೋಗ್ಲಿ.”

ನಮ್ಮ ವಿಜ್ಞಾನ ಗುಂಪುಗಳ ಬಗ್ಗೆ ಮಾತಾಡುತ್ತದೆ: ಇಷ್ಟು ವಯಸ್ಸಿನವರಲ್ಲಿ, ಇಂಥ ರಕ್ತದವರಲ್ಲಿ, ಹೀಗಾಗುವ ಸಾಧ್ಯತೆ ಹೆಚ್ಚು. ಬಾವಿಕಟ್ಟೆಯ ಮೇಲೆ ಕೂತ ಒಬ್ಬಳಿಗೆ ನಾಳೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. ಈ ಮಾತನ್ನು ನಾನು ಒಪ್ಪಿಗೆ ಕೇಳುವಾಗ ನೂರಾರು ಮಂದಿಗೆ ಹೇಳಿದ್ದೆ. ಅದರ ಭಾರ ಅಂದು ಗೊತ್ತಾಯಿತು.

ಬೇಲಿ ದಾಟಿ ಅಕ್ಕನಲ್ಲಿಗೆ ಹೋದೆ. ಅಕ್ಕ ಒಬ್ಬಳೇ ಇದ್ದಳು. ಬುಟ್ಟಿ ತೊಳೆದು ಬೋರಲು ಹಾಕುತ್ತಿದ್ದಳು. ಅವಳ ಪಾಠದಿಂದಾಗಿ ಏನಾಯಿತು ನೋಡು ಎಂಬ ಅಸಮಾಧಾನ ನನ್ನಲ್ಲಿತ್ತು. ದೊಡ್ಡಮ್ಮನ ವಿಷಯ ಎತ್ತದೆ, ಪರೀಕ್ಷೆಯ ಪದಗಳನ್ನು ಎಲ್ಲರಿಗೂ ಹೇಳಿಕೊಟ್ಟದ್ದು ಯಾಕೆಂದು ಮಾತ್ರ ಕೇಳಿದೆ.

“ಎಂತಕ್ಕೆ ಅಂದ್ರೆ? ನಮಗೆಲ್ಲ ಫಸ್ಟ್ ಕ್ಲಾಸು ಬಂದು ಸರ್ಕಾರಿ ನೌಕರಿ ಸಿಗ್ತದೆ ಅಂತ ಮಾಡಿದ್ಯಾ?” ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಬೇಲಿಯ ಕಡೆ ನೋಡಿ ದನಿ ತಗ್ಗಿಸಿದಳು. “ನಿನ್ ದೊಡ್ಡಮ್ಮ ಹೋದ ವರ್ಷ, ಅವಳ ಸರದಿ ಬರುಕೆ ಮುಂಚೆ, ನನ್ ಹತ್ರ ಬಂದು, ಆ ಪದ ಎಂತದು, ನಂಗೊಂದು ಹೇಳಿಕೊಡೆ ಅಂದ್ಳು. ಮುಖ ಇಷ್ಟು ಸಣ್ಣ ಆಗಿತ್ತು. ಅವಳೊಬ್ಬಳಿಗೇ ಕೂತು ಹೇಳಿಕೊಟ್ರೆ ಅವಳಿಗೆ ಹೇಂಗಾಗ್ತದೆ? ಅದ್ಕೆ ಎಲ್ಲರೂ ಕಲಿಯುವ ಅಂದೆ. ಹತ್ತು ಜನರ ಸಂಗಡ ಕಲಿತ್ರೆ ನಾಚ್ಕೆ ಇಲ್ಲ.”

“ನಿಮಗೆ ಮೊದಲೇ ಗೊತ್ತಿತ್ತಾ?”

“ಬೇಲಿಯಾಚೆ ಇದ್ದವಳಿಗೆ ಗೊತ್ತಾಗುದಿಲ್ವಾ? ಮಧ್ಯಾಹ್ನ ಅವಳು ಅಂಗನವಾಡಿಗೆ ಹೊರಟ್ರೆ ನಂಗೂ ಅಂಗಡಿ ಬದಿ ಒಂದು ಕೆಲಸ ಇರ್ತದೆ. ಹಿಂದೆ ಹಿಂದೆ ಹೋತೆ. ಅವಳಿಗೆ ಗೊತ್ತಿಲ್ಲ. ನೀ ಹೇಳ್ಬೇಡ.”

ಹೀಗೆ ಆ ಕೇರಿಯಲ್ಲಿ ಎಲ್ಲರೂ ನನಗೆ ಹೇಳಬೇಡವೆಂದವರೇ.

ದೊಡ್ಡಮ್ಮ ಅದೇ ವಾರ ತಾನೇ ಹೇಳಿದಳು. ಅತ್ತಿಗೆ ಹೊನ್ನಾವರದಿಂದ ಬಂದು, ಕಾಲು ತೊಳೆದು, ಚಹಾ ಕುಡಿಯುತ್ತಿದ್ದ ಹೊತ್ತು. ನನಗೆ ಫೋನು ಮಾಡಿಸಿ, ಕೆಲಸ ಮುಗಿಸಿ ಇಲ್ಲೇ ಬಾ ಎಂದಿದ್ದಳು. “ನೀ ಕೂತ್ಕ,” ಎಂದು ನನಗೆ ಮಣೆ ತೋರಿಸಿದಳು. “ನಾ ಎಂತಾದ್ರೂ ಬಿಟ್ರೆ ನೆನಪು ಮಾಡು.” ಆಮೇಲೆ ಸೊಸೆಯ ಎದುರು ನಿಂತು ಎಲ್ಲ ಹೇಳಿದಳು: ಚಪ್ಪಲಿ ಮೆಟ್ಟಿ ಹೊರಟಿದ್ದು, ಪದ ಕಲಿತದ್ದು, ಗ್ಯಾಸು ಒಮ್ಮೆ ಆರಿಸದೆ ಬಿಟ್ಟದ್ದು. ಗ್ಯಾಸಿನ ವಿಷಯ ನನಗೂ ಗೊತ್ತಿರಲಿಲ್ಲ. ಏನನ್ನೂ ಬಿಡಲಿಲ್ಲ.

ಅತ್ತಿಗೆ ಲೋಟ ಕೆಳಗಿಟ್ಟಳು. ಅತ್ತೆಯನ್ನು ಬಿಟ್ಟು ನನ್ನ ಕಡೆ ತಿರುಗಿದಳು.

“ನಿಂಗೆ ಯಾವಾಗಿಂದ ಗೊತ್ತು?”

“ಸಂಶಯ ಮೊದಲಿಂದ ಇತ್ತು. ಖಚಿತವಾದದ್ದು ಈ ವಾರ.”

“ಆಚೆಮನೆ ಅಕ್ಕನಿಗೆ?”

ನನ್ನ ಕಣ್ಣು ಬೇಲಿಯ ಕಡೆ ಹೋಯಿತು. ಅವಳಿಗೆ ಅಷ್ಟು ಸಾಕಾಯಿತು.

“ಕೇರಿಗೆಲ್ಲ ಗೊತ್ತು. ದಿನಾ ಮಗೂನ್ನ ಬಿಟ್ಟು ಹೋಗುವ ನಂಗೊಬ್ಬಳಿಗೆ ಗೊತ್ತಿಲ್ಲ. ನಾನು ಅಲ್ಲಿ ಯಾರ್ಯಾರದ್ದೋ ಅಜ್ಜಿಗೆ ಬಿಪಿ ನೋಡ್ತಾ ಕೂತಿದ್ದೆ!” ಅವಳ ದನಿ ಏರಿತು. “ಆ ಗ್ಯಾಸಿನ ಹತ್ರ ಪುಟ್ಟಿ ಇದ್ದಿದ್ರೆ? ನಿನ್ ನಿಯಮ, ಗುಟ್ಟು, ರಿಸರ್ಚು ಎಲ್ಲ ಎಂತ ಮಾಡ್ತಿತ್ತು ಆಗ?”

ಅವಳ ಸಿಟ್ಟಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನಾನು ಮಾಡಿದ್ದರಲ್ಲಿಯೂ ತಪ್ಪಿತ್ತೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಎರಡೂ ಒಂದೇ ಅಡುಗೆಮನೆಯಲ್ಲಿ ಇದ್ದವು, ಅಷ್ಟೇ. ದೊಡ್ಡಮ್ಮ, “ಅವಳಿಗೆ ಎಂತಕ್ಕೆ ಬೈತೆ, ನಂಗೆ ಬೈ,” ಎಂದಳು. ಅತ್ತಿಗೆ ಬೈಯಲಿಲ್ಲ. ಎದ್ದು ಹೋಗಿ ನಿದ್ದೆ ಮಾಡುತ್ತಿದ್ದ ಮಗುವಿನ ಪಕ್ಕ ಕೂತಳು.

ಹೊನ್ನಾವರದ ತನ್ನ ಆಸ್ಪತ್ರೆಗೆ ಬೇಡ, ಅಲ್ಲಿ ಎಲ್ಲರಿಗೂ ತಿಳಿಯುತ್ತದೆ ಎಂದು ಕುಮಟೆಯ ವೈದ್ಯರೊಬ್ಬರ ಬಳಿ ಅತ್ತಿಗೆಯೇ ಕರೆದುಕೊಂಡು ಬಂದಳು. ಅವರು ನಿಧಾನಸ್ಥರು. ದೊಡ್ಡಮ್ಮನ ಜೊತೆ ಬಹಳ ಹೊತ್ತು ಮಾತಾಡಿದರು, ರಕ್ತ ನೋಡಿದರು. ಬಿ12 ತೀರ ಕಡಿಮೆಯಿತ್ತು. ಮೊದಲು ಇಂಜೆಕ್ಷನ್ ಕೊಡುವ, ಕೆಲವು ತಿಂಗಳು ನೋಡುವ, ಅದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ಹೇಳಲಾರೆ ಎಂದರು. “ಸ್ವಲ್ಪ ಆಸೆ ಇಟ್ಟುಕೊಳ್ಳಿ, ಎಚ್ಚರವನ್ನೂ ಇಟ್ಟುಕೊಳ್ಳಿ,” ಎಂದರು. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ದೊಡ್ಡಮ್ಮ ಅಮ್ಮನಿಗೆ, ನನಗೆ ರಕ್ತದಲ್ಲಿ ಏನೋ ಕಮ್ಮಿಯಂತೆ, ಮೀನು ಜಾಸ್ತಿ ತಿನ್ನಬೇಕಂತೆ ಎಂದಷ್ಟೇ ಹೇಳಿ ಇನ್ನೊಂದು ತುಂಡು ಹಾಕಿಸಿಕೊಂಡಳು.

ಅತ್ತಿಗೆ ಕೆಲವು ದಿನ ರಜೆ ಹಾಕಿದಳು. ಹೊನ್ನಾವರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಂದು ಮನೆಯನ್ನೂ ವಿಚಾರಿಸಿ ಬಂದಳೆಂದು ಕೇಳಿದೆ. ಮಗುವನ್ನು ದಿನವೂ ಅಷ್ಟು ದೂರ ಬಸ್ಸಿನಲ್ಲಿ ಒಯ್ಯುವುದು, ತರುವುದು. ಆ ಮಾತು ಕೇಳಿ ದೊಡ್ಡಮ್ಮ ಪುಟ್ಟಿಯ ಬಟ್ಟೆಗಳನ್ನೆಲ್ಲ ಒಗೆದು, ಮಡಚಿ, ಒಂದು ಚೀಲದಲ್ಲಿ ತುಂಬಿ ಬಾಗಿಲ ಬಳಿ ಇಟ್ಟಳಂತೆ. ಅತ್ತಿಗೆ ಅದನ್ನು ನೋಡಿ ಚೀಲ ಬಿಚ್ಚಿ ಮತ್ತೆ ಕಪಾಟಿನಲ್ಲಿಟ್ಟಳಂತೆ. ಅವರಿಬ್ಬರ ನಡುವೆ ಇದಕ್ಕಿಂತ ಹೆಚ್ಚು ಮಾತು ನಡೆದದ್ದು ನನಗೆ ತಿಳಿದಿಲ್ಲ.

ರಜೆ ಮುಗಿದ ಬೆಳಿಗ್ಗೆ ನಾನು ಅಲ್ಲಿಯೇ ಇದ್ದೆ. ಅತ್ತಿಗೆ ಹೊರಟು ನಿಂತು, ಪುಟ್ಟಿಯ ಕೈ ಹಿಡಿದು ಬೇಲಿಯಲ್ಲಿ ಓಡಾಟಕ್ಕೆ ಬಿಟ್ಟಿದ್ದ ದಣಪೆ ದಾಟಿ ಅಕ್ಕನ ಜಗಲಿಗೆ ಹೋದಳು. ದೊಡ್ಡಮ್ಮ ಮೊಗ್ಗಿನ ಬುಟ್ಟಿ ಹಿಡಿದು ಹಿಂದಿನಿಂದ ಬಂದಳು. ಆಗಲೇ ನಾಲ್ಕಾರು ಹೆಂಗಸರು ಕೂತಿದ್ದರು.

“ಅಕ್ಕ, ಮಧ್ಯಾಹ್ನ ಅಂಗನವಾಡಿಗೆ ನೀವೇ ಹೋಗಿ ಬನ್ನಿ. ಗ್ಯಾಸು ಬೇಡ, ನಾನು ಅಡುಗೆ ಮಾಡಿ ಇಟ್ಟಿದ್ದೆ. ಇಬ್ಬರನ್ನೂ ಸ್ವಲ್ಪ ನೋಡ್ಕಳಿ.”

“ಆತು,” ಎಂದಳು ಅಕ್ಕ.

“ಇಬ್ಬರು ಅಂದ್ರೆ ಯಾರು?” ದೊಡ್ಡಮ್ಮ ಬುಟ್ಟಿ ಕೆಳಗಿಡದೆ ಕೇಳಿದಳು.

ಹೂವು ಕಟ್ಟುತ್ತಿದ್ದ ಕೈಗಳು ನಿಂತವು. ಅತ್ತಿಗೆ ಬೇರೇನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಅವಳು ಅತ್ತೆಯನ್ನು ನೇರವಾಗಿ ನೋಡಿ, “ಪುಟ್ಟಿಯನ್ನೂ ನಿಮ್ಮನ್ನೂ, ಅತ್ತೆ,” ಎಂದಳು.

ದೊಡ್ಡಮ್ಮ ಬುಟ್ಟಿಯನ್ನು ತನ್ನ ಎಂದಿನ ಮೂಲೆಯಲ್ಲಿಟ್ಟು, ಕಾಲು ಮಡಚಿ ಕೂತಳು. “ಅಂಗನವಾಡಿಗೆ ನಾನೂ ಹೋಗುದೇ,” ಎಂದಳು. “ಮಗೂನ್ನ ಇವಳ ಕೈಲಿ ಕೊಡ್ಲಿ ಬೇಕಾದ್ರೆ. ಆದ್ರೆ ನಾನು ಹೋಗುದೇ.”

“ನಿನ್ ಸಂಗಡ ನಡೆಯುಕೆ ನಂಗೆ ಸಂಬಳ ಉಂಟಾ?” ಎಂದಳು ಅಕ್ಕ.

“ಬೈಗಳು ಉಂಟು.”

ಹೆಂಗಸರು ನಕ್ಕರು. ಅತ್ತಿಗೆ ನಗಲಿಲ್ಲ, ಬೇಡವೆಂದೂ ಹೇಳಲಿಲ್ಲ. ಪುಟ್ಟಿ ಅಮ್ಮನ ಕೈ ಬಿಡಿಸಿಕೊಂಡು ಹೋಗಿ ದೊಡ್ಡಮ್ಮನ ಮಡಿಲಲ್ಲಿ ಕೂತಳು. ಅತ್ತಿಗೆ ದಣಪೆಯ ತನಕ ಹೋಗಿ, ಅಲ್ಲಿಂದ ತಿರುಗಿ ನೋಡುತ್ತ ನಿಂತುಬಿಟ್ಟಳು. ರಸ್ತೆಯ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು.

“ಹೋಗು, ಬಸ್ಸು ತಪ್ತದೆ,” ಎಂದಳು ದೊಡ್ಡಮ್ಮ, ತಲೆಯೆತ್ತದೆ.